ರಂಗೂನಿನಲ್ಲಿ ನನಗಾಗಿ ಇಟ್ಟ ತಾಟು

ವಾಡಿಯಲ್ಲಿ ಸಿದ್ರಾಮಪ್ಪ ಎಂಬ ಹೆಸರಿನವರು ನಾಲ್ಕು ಜನ ಇದ್ದೇವೆ. ನನ್ನನ್ನು ಗುರುತಿಸುವುದು ‘ರಂಗೂನ್ ಸಿದ್ರಾಮಪ್ಪ’ ಎಂದು. ಸಮುದ್ರ ದಾಟಿದವನು ನಮ್ಮ ಕಡೆ ನಾನೊಬ್ಬನೇ ಅಲ್ಲ. ಆದರೆ ದಾಟಿ ಬಂದದ್ದನ್ನು ಊರೂರಿಗೆ ಹೇಳಿಕೊಂಡು ತಿರುಗಿದವನು ಬಹುಶಃ ನಾನೊಬ್ಬನೇ. ಸೇಡಮಿನಲ್ಲಿ ಮದುವೆಯಾಗಲಿ, ಚಿತ್ತಾಪುರದಲ್ಲಿ ತೊಟ್ಟಿಲಾಗಲಿ, ಊಟ ಮುಗಿದು ಎಲೆ ಅಡಿಕೆ ಬಂತೆಂದರೆ ಯಾರಾದರೂ ಶುರುಮಾಡುತ್ತಾರೆ: “ಬಾಬು, ರಂಗೂನಿನ ಮಾತು ಜರಾ ಹೇಳ್ರಿ.” ನಾನು ಬಂಗಾರದ ಪಗೋಡದ ಕಥೆ ಹೇಳುತ್ತೇನೆ. ಟ್ರಾಮಿನಲ್ಲಿ ಲುಂಗಿ ಕಳಚಿದ ಕಥೆ ಹೇಳುತ್ತೇನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಮಿಕ್ಕದ್ದನ್ನು ಯಾರಿಗೂ ಹೇಳಿಲ್ಲ. ಅವ್ವ ಇರುವ ತನಕ ಅದನ್ನು ಬರೆಯುವ ಹಾಗೂ ಇರಲಿಲ್ಲ. ಅವ್ವ ಹೋಗಿ ಎರಡು ವರ್ಷವಾಯಿತು. ಈಗ ಬರೆಯುತ್ತೇನೆ.

ವಾಡಿ ಜಂಕ್ಷನ್

ನಾನು ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಬಾಬು. ಒಂದು ಬೇಸಿಗೆಯ ಮಧ್ಯಾಹ್ನ, ಮದರಾಸಿನ ಕಡೆ ಹೋಗುವ ಮೇಲ್ ಗಾಡಿಯಿಂದ ಒಬ್ಬ ತರುಣನನ್ನು ಇಬ್ಬರು ಹಿಡಿದು ಇಳಿಸಿದರು. ಗೀರುಗೀರಿನ ಲುಂಗಿ, ಸಣ್ಣ ಕಣ್ಣು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಹೆಸರು ಮೌಂಗ್ ಥೇನ್. ರಂಗೂನಿನ ಕಾಲೇಜಿನ ಐದು ವಿದ್ಯಾರ್ಥಿಗಳು ಅಜಂತಾ ನೋಡಿಕೊಂಡು ಹಡಗು ಹಿಡಿಯಲು ಮದರಾಸಿಗೆ ಹೊರಟಿದ್ದರು. ಗೆಳೆಯರು ಹಡಗು ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರಲ್ಲೊಬ್ಬ ಕಿಟಕಿಯಿಂದ ಕೈಮುಗಿದು ನನ್ನನ್ನೇ ನೋಡುತ್ತಿದ್ದ. ಗಾಡಿ ಹೊರಟಿತು.

ಜ್ವರದಲ್ಲಿದ್ದವನನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಿಡುವುದು ಹೇಗೆ? ಮನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅವ್ವ ಕೇಳಿದಳು, “ಯಾರೋ ಇಂವ?”

“ಬರ್ಮಾದಂವ. ಜ್ವರ ಬಂದಾವ, ಯಾರೂ ಇಲ್ಲ.”

“ಯಾರ ಹೊಟ್ಟ್ಯಾಗ ಹುಟ್ಟ್ಯಾನೋ ಏನೋ. ಪಡಸಾಲ್ಯಾಗ ಹೊರಸು ಹಾಕು.”

ಹತ್ತು ದಿನ ಇದ್ದ. ಅವ್ವ ಜೋಳದ ನುಚ್ಚಿನ ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಏಳನೆಯ ದಿನ ಎದ್ದು ಕೂತು “ಅವ್ವಾ, ಗಂಜಿ ಭಾಳ ಚಲೋ” ಎಂದ. ಓಣಿಯವರೆಲ್ಲ ಬಂದು ಅದೊಂದು ಮಾತನ್ನು ಅವನ ಬಾಯಿಂದ ಹೇಳಿಸಿ ಕೇಳಿಕೊಂಡು ಹೋದರು. ಊರು ಮುಟ್ಟಿದ ಮೇಲೆ ಕಾಗದ ಬರೆಯತೊಡಗಿದ. ನಾವಿಬ್ಬರೂ ಇಂಗ್ಲಿಷಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಎರಡು ವರ್ಷ ಪ್ರತಿ ಕಾಗದದ ಕೊನೆಗೂ ಒಂದೇ ಸಾಲು: ನನ್ನ ತಾಯಿ ನಿನ್ನನ್ನು ನೋಡಬೇಕಂತೆ. ಒಂದು ಜೀವ ಉಳಿಸಿದ್ದೇನೆ ಎಂಬ ಹೆಮ್ಮೆ ನನಗೆ ಒಳಗೊಳಗೇ ಬೆಳೆದಿತ್ತು. ರೈಲ್ವೆಯ ಪಾಸು ಮದರಾಸಿನ ತನಕ ಸಿಕ್ಕುತ್ತಿತ್ತು. ತಿಂಗಳ ರಜೆ ಬರೆದು ಹೊರಟುಬಿಟ್ಟೆ. ಉಪಕಾರ ಮಾಡಿದವನು ಉಪಕಾರ ಪಡೆದವರ ಮನೆಗೆ ಹೊರಡುವ ಗತ್ತಿನಲ್ಲೇ ಹೊರಟೆ.

ಹಡಗು

ಮಳೆಗಾಲದಲ್ಲಿ ಮಳಖೇಡದ ಹತ್ತಿರ ಕಾಗಿಣಾ ಹೊಳೆ ತುಂಬಿ ಹರಿಯುವುದನ್ನು ನೋಡಿದವನು ನಾನು. ನೀರೆಂದರೆ ಅದಕ್ಕೊಂದು ಆಚೆ ದಡ ಇದ್ದೇ ಇರುತ್ತದೆ ಎಂದು ತಿಳಿದಿದ್ದೆ. ಎರಡನೆಯ ದಿನ ದಡದ ಆಸೆ ಬಿಟ್ಟೆ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು, ಅದೂ ಪಕ್ಕದಲ್ಲಿ ಮಲಗಿದ್ದ ಒಬ್ಬ ತೆಲುಗು ಕೂಲಿಯ ರುಮಾಲಿನ ಮೇಲೆ. ಡೆಕ್ಕಿನ ತುಂಬ ಅಂಥ ಕೂಲಿಗಳೇ ಇದ್ದರು. ನನ್ನ ಅವ್ವನ ತವರು ಕುಂಚಾವರಂ ಕಡೆಯದು, ತೆಲುಗು ನನಗೆ ಬರುತ್ತದೆ. ತಪ್ಪಾಯಿತು ಎಂದೆ. ಅವನು ರುಮಾಲನ್ನು ಸಮುದ್ರದ ನೀರಲ್ಲಿ ಜಾಲಿಸುತ್ತ, “ಮೊದಲ ಸಲ ನಾನು ಮೇಸ್ತ್ರಿಯ ಕಾಲ ಮೇಲೆ ಕಾರಿಕೊಂಡಿದ್ದೆ, ನೀವು ಚಲೋ ಜಾಗ ನೋಡಿದಿರಿ” ಎಂದು ನಕ್ಕ. ಆಮೇಲೆ ಒಂದು ನಿಂಬೆಹಣ್ಣು ಕೊಟ್ಟ. ಅದನ್ನು ನಾನು ನೀರಲ್ಲಿ ಮೂರು ಸಲ ತೊಳೆದು ಮೂಸಿದೆ. ಅವನು ನೋಡುತ್ತಿದ್ದ.

ರಂಗೂನು, ಮೊದಲ ದಿನ

ಡೆಕ್ಕಿನ ಪ್ರಯಾಣಿಕರನ್ನೆಲ್ಲ ಸಾಲಾಗಿ ನಿಲ್ಲಿಸಿ ರೋಗ ಇದೆಯೇ ಎಂದು ನೋಡಿದರು. ಒಬ್ಬ ಡಾಕ್ಟರು ನನ್ನನ್ನು ಕೈಯಿಂದ ಮುಟ್ಟಲಿಲ್ಲ. ಕೈಯಲ್ಲಿದ್ದ ಸಣ್ಣ ಕೋಲಿನಿಂದ ಗದ್ದ ಎತ್ತಿ, ನಾಲಗೆ ಚಾಚಲು ಹೇಳಿದ. ಮೈಯೆಲ್ಲ ಉರಿದು ಹೋಯಿತು.

ಮೌಂಗ್ ಥೇನ್ ಹೊರಗೆ ಕಾಯುತ್ತಿದ್ದ. ಮೈ ಕೈ ತುಂಬಿಕೊಂಡಿದ್ದ, ನಗು ಮಾತ್ರ ಅದೇ. “ಬರ್ರಿ, ಬರ್ರಿ, ಊಟ ಆತೇನ್ರಿ?” ಎಂದು ಕನ್ನಡದಲ್ಲಿ ಕೂಗಿ ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡ. ನಾನು ಅವನ ಕ್ಷೇಮ ಕೇಳುವ ಮೊದಲೇ ಡಾಕ್ಟರ ಸುದ್ದಿ ತೆಗೆದೆ.

“ಕೋಲಿನಿಂದ ಮುಟ್ಟಿದ! ನಾನೇನು ದನವೇ? ಮನುಷ್ಯನನ್ನು ಮನುಷ್ಯ ಮುಟ್ಟಲು ಹೇಸುತ್ತಾನೆಂದರೆ ಅದೆಂಥ ದೇಶ ಇದು?”

ಅವನು ಟ್ರಂಕನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದ. “ಅದು ಕೆಟ್ಟದ್ದೇ” ಎಂದಷ್ಟೇ ಹೇಳಿ, ನನಗಾಗಿ ಗೊತ್ತು ಮಾಡಿದ್ದ ವಸತಿಯ ಕಡೆ ನಡೆದ. ತೆಲುಗರು ನಡೆಸುತ್ತಿದ್ದ, ಮಾಂಸ ಬೇಯಿಸದ ಮನೆ ಅದು. ನಾನು ಏನು ಉಣ್ಣುತ್ತೇನೆ, ಏನು ಉಣ್ಣುವುದಿಲ್ಲ, ಸ್ನಾನ ಮಾಡಿ ಲಿಂಗಪೂಜೆಗೆ ಎಲ್ಲಿ ಕೂಡಬೇಕು ಎಲ್ಲವನ್ನೂ ವಿಚಾರಿಸಿ ಇಟ್ಟಿದ್ದ. ಆಗ ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ನನಗೆ ಸಲ್ಲಬೇಕಾದದ್ದು ಸಲ್ಲುತ್ತಿದೆ ಅನಿಸಿತ್ತು.

ಪಗೋಡ

ಶ್ವೇಡಗಾನ್ ಪಗೋಡವನ್ನು ನಡುಮಧ್ಯಾಹ್ನ ನೋಡಬಾರದೆಂದು ಅವನು ಹೇಳಿದ. ನಾನು ಕೇಳಲಿಲ್ಲ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಡಬೇಕು. ಮೇಲೆ ಹೋದರೆ ಬಂಗಾರದ ಗುಡ್ಡವೊಂದು ಆಕಾಶಕ್ಕೆ ಚುಚ್ಚಿಕೊಂಡಿದೆ, ಸುತ್ತ ಹಾಸುಗಲ್ಲು ಹಂಚಿನ ಹಾಗೆ ಕಾದಿದೆ. ಶಹಾಬಾದಿನ ಫರಸಿಯ ಮೇಲೆ ಬರಿಗಾಲಲ್ಲಿ ಬೆಳೆದವನು ನಾನು ಎಂದು ಜಂಬ ಕೊಚ್ಚಿಕೊಂಡಿದ್ದೆ. ಹತ್ತು ಹೆಜ್ಜೆಗೆ ಕುಣಿಯತೊಡಗಿದೆ. ಹೂ ಮಾರುವ ಮುದುಕಿ ಬಾಯಲ್ಲಿದ್ದ ದಪ್ಪ ಚುಟ್ಟಾ ತೆಗೆದು ನಕ್ಕು, ಹೂವಿಗೆ ಚಿಮುಕಿಸುವ ನೀರನ್ನು ನನ್ನ ಕಾಲಿಗೆ ಸುರಿದಳು. ಅಲ್ಲಿ ಹೆಂಗಸರು ಬೀದಿಯಲ್ಲಿ ಚುಟ್ಟಾ ಸೇದುತ್ತಾರೆ, ಅಂಗಡಿ ನಡೆಸುತ್ತಾರೆ, ಗಂಡಸರ ಮುಖ ನೋಡಿ ಮಾತಾಡುತ್ತಾರೆ. ಸೆರಗಿನೊಳಗಿಂದ ಮಾತಾಡುವ ನಮ್ಮ ಹೆಣ್ಣುಮಕ್ಕಳ ನೆನಪಾಯಿತು. ಯಾವುದು ಸರಿ ಎಂದು ಗೊತ್ತಾಗಲಿಲ್ಲ.

ಮರುದಿನ ಅವನ ಲುಂಗಿಯನ್ನು ಉಡಿಸಿದ. ಟ್ರಾಮು ತಿರುವಿನಲ್ಲಿ ವಾಲಿದಾಗ ನಾನು ಎರಡೂ ಕೈಯಿಂದ ಮೇಲಿನ ಪಟ್ಟಿ ಹಿಡಿದೆ. ಕಟ್ಟು ಬಿಚ್ಚಿತು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ತಟಕ್ಕನೆ ಅಂಚು ಹಿಡಿದು ಮಾನ ಉಳಿಸಿದಳು. ಏನೋ ಅಂದಳು, ಟ್ರಾಮಿಗೆ ಟ್ರಾಮೇ ನಕ್ಕಿತು. “ಗಂಟು ಹಾಕುವುದನ್ನು ಕಲಿಸದೆ ಇವನನ್ನು ಪರದೇಶಕ್ಕೆ ಕಳಿಸಿದ ತಾಯಿ ಯಾರು ಅಂತ ಕೇಳುತ್ತಿದ್ದಾಳೆ” ಎಂದ ಮೌಂಗ್ ಥೇನ್. ‘ಆ ತಾಯಿ ನನಗೆ ಗೊತ್ತು, ಭಾಳ ಒಳ್ಳೆಯವಳು’ ಎಂದು ಅವನೇ ಅಜ್ಜಿಗೆ ಉತ್ತರ ಕೊಟ್ಟನಂತೆ.

ಊರಲ್ಲಿ ನಾನು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ಮೊಗಲ್ ಬೀದಿ

ಮೊಗಲ್ ಬೀದಿಯಲ್ಲಿ ಸೇಡಂ ಕಡೆಯ ವ್ಯಾಪಾರಿಯೊಬ್ಬರು ಇದ್ದಾರೆಂದು ವಸತಿಯಲ್ಲಿ ತಿಳಿಯಿತು. ಹೆಸರು ಶರಣಪ್ಪ ಸಾವುಕಾರರು, ಬೇಳೆಕಾಳಿನ ವ್ಯಾಪಾರ. ಮೌಂಗ್ ಥೇನನೇ ವಿಳಾಸ ಹುಡುಕಿ ಕರೆದುಕೊಂಡು ಹೋದ. ಮಹಡಿಯ ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ಅಕ್ಕಿಯನ್ನೇ ಉಂಡು ಉಂಡು ಬೇಸತ್ತಿದ್ದವನಿಗೆ ಕಣ್ಣಲ್ಲಿ ನೀರೇ ಬಂದವು.

“ಬರ್ರಿ, ಬರ್ರಿ! ನಮ್ಮ ಕಡಿಯವ್ರು ಬಂದ್ರ ಊರೇ ಬಂದಂಗಾತು ನೋಡ್ರಿ. ಒಳಗ ಬರ್ರಿ, ಕುಂದ್ರಿ” ಎಂದರು ಸಾವುಕಾರರು. ಆಮೇಲೆ ನನ್ನ ಹಿಂದೆ ನೋಡಿದರು. “ಈ ಹುಡುಗ ಯಾರು?”

ಗೆಳೆಯ ಎನ್ನಲು ಎಷ್ಟು ಹೊತ್ತು ಬೇಕು? ಸಾವುಕಾರರ ಹಣೆಯ ವಿಭೂತಿ, ಒಳಗಿನ ರೊಟ್ಟಿಯ ವಾಸನೆ, ನಮ್ಮ ಮಾತು. ನನ್ನ ಬಾಯಿಂದ ಬಂದದ್ದು ಬೇರೆ: “ದಾರಿ ತೋರ್ಸಾಕ ಬಂದಾನ್ರಿ.”

“ಹಂಗಾದ್ರ ಹೊರಗ ಕುಂದರ್ಲಿ. ಒಳಗ ಅಡಗಿಮನಿ ಅದ, ಇವ್ರು ಎಲ್ಲಾ ತಿನ್ನು ಮಂದಿ.”

ಮೌಂಗ್ ಥೇನನಿಗೆ ಅಷ್ಟು ಕನ್ನಡ ಬರುವುದಿಲ್ಲವೆಂದು ನಾನು ಅಂದುಕೊಂಡೆ. ಅವನಿಗೆ ಯಾರೂ ತಿಳಿಸಿ ಹೇಳುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ನಾನು ಒಳಗೆ ಹೋದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೂರನೆಯ ರೊಟ್ಟಿಯನ್ನು ಮುರಿಯುವಾಗ ಬಾಗಿಲ ಕಡೆ ನೋಡಿದೆ. ಅಡಿಗೆಯವನು ಚರಿಗೆಯಿಂದ ಎತ್ತರದಿಂದ ನೀರು ಸುರಿಯುತ್ತಿದ್ದ. ಮೌಂಗ್ ಥೇನ್ ತಲೆ ಬಾಗಿಸಿ, ಮೊಣಕೈಗಳನ್ನು ಕೂಡಿಸಿ, ಬೊಗಸೆಯನ್ನು ಬಾಯಿಗೆ ಹಚ್ಚಿ ಕುಡಿಯುತ್ತಿದ್ದ. ಒಂದು ಹನಿಯೂ ಚೆಲ್ಲಲಿಲ್ಲ.

ಹಾಗೆ ನೀರು ಕುಡಿಯುವುದು ಒಂದೇ ದಿನಕ್ಕೆ ಬರುವ ವಿದ್ಯೆಯಲ್ಲ. ಅದು ಅವನಿಗೆ ರಂಗೂನಿನಲ್ಲಿ ಯಾರಿಂದಲೂ ಬಂದಿರಲಿಕ್ಕಿಲ್ಲ. ಕಲಿತದ್ದು ವಾಡಿಯಲ್ಲಿ, ನಮ್ಮ ಮನೆಯ ಕಟ್ಟೆಯ ಮೇಲೆ, ನನ್ನ ಅವ್ವನ ಕೈಯಿಂದ. ಆದರೂ ಕೈಯಲ್ಲಿದ್ದ ರೊಟ್ಟಿಯನ್ನು ಬಿಡಲಿಲ್ಲ, ಮುಗಿಸಿದೆ.

ದಾರಿಯಲ್ಲಿ ಅವನು ಎಂದಿನಂತೆ ಮಾತಾಡುತ್ತ ಬಂದ. ಸಂಜೆ ಬೀಳ್ಕೊಡುವಾಗ, “ನಾಳೆ ನಮ್ಮ ಮನೆಯಲ್ಲಿ ಊಟ. ಅಮ್ಮ ಎರಡು ವರ್ಷದಿಂದ ಕಾಯುತ್ತಿದ್ದಾಳೆ” ಎಂದ.

ಕೆಮೆಂಡೈನ್

ಕೆಮೆಂಡೈನ್ ಎಂಬ ಕಡೆ ಅವರ ಮನೆ. ಮರದ ಕಂಬಗಳ ಮೇಲೆ ನಿಂತ ಸಣ್ಣ ಮನೆ, ಕೆಳಗೆ ಕೋಳಿಗಳು. ಅವನ ತಾಯಿ ಡೌ ಮ್ಯಾ ವಿಧವೆ, ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಮಂಡಿಯೂರಿ ಕೈಮುಗಿದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ನಾನು ಹಿಂದಕ್ಕೆ ಸರಿದೆ.

ಅಂಗಳದಲ್ಲಿ ಹೊಸದಾಗಿ ಮೂರು ಕಲ್ಲು ಹೂಡಿ ಒಲೆ ಮಾಡಿದ್ದರು. ಹೊಸ ಮಡಕೆಯಲ್ಲಿ ಅನ್ನ, ಇನ್ನೊಂದು ಹೊಸ ಮಡಕೆಯಲ್ಲಿ ಬೇಳೆ. ಸೋರೆಕಾಯಿಯ ಭಜಿ ಬಾಳೆಲೆಯ ಮೇಲಿತ್ತು. ಆ ಬೀದಿಯ ತುಂಬ ಇದ್ದ ಮೀನಿನ ವಾಸನೆ ಈ ಮನೆಯಲ್ಲಿ ಎಲ್ಲೂ ಇರಲಿಲ್ಲ. ನಾಲ್ಕು ದಿನದಿಂದ ಮನೆಯಲ್ಲಿ ಮೀನು ತಂದಿಲ್ಲವೆಂದು ಆಮೇಲೆ ತಿಳಿಯಿತು. ಚಾಪೆಯ ಮೇಲೆ ನನ್ನ ಮುಂದೆ ಒಂದು ಹೊಸ ತಾಟು ಮತ್ತು ಒಂದು ಲೋಟ. ಅಂಚಿಗೆ ಹಸಿರು ಬಳ್ಳಿಯ ಚಿತ್ರ, ಅಂಗಡಿಯ ಚೀಟಿಯ ಅಂಟು ಇನ್ನೂ ಅಡಿಯಲ್ಲಿತ್ತು.

ಡೌ ಮ್ಯಾ ದೂರ ನಿಂತು ಬಡಿಸಿದಳು. ಸೌಟು ತಾಟಿಗೆ ತಾಗದ ಹಾಗೆ ಎಚ್ಚರದಿಂದ ಬಡಿಸಿದಳು. ನನ್ನ ನಿಯಮಗಳನ್ನು ಮಗ ಹೇಳಿರಬೇಕೆಂದುಕೊಂಡೆ. ಊಟದ ನಡುವೆ ಅವಳು ಮೃದುವಾಗಿ ಉದ್ದನೆಯ ಮಾತೊಂದನ್ನು ಆಡಿದಳು. ಮೌಂಗ್ ಥೇನ್ ನೆಲ ನೋಡುತ್ತ ಅದನ್ನು ನನಗೆ ಹೇಳಿದ.

“ಅಮ್ಮ ಹೇಳುತ್ತಾಳೆ: ನಿಮ್ಮ ಮನೆಯಲ್ಲಿ ನನ್ನ ಮಗನಿಗೆಂದೇ ಬೇರೆ ತಾಟು ಇಟ್ಟಿದ್ದಿರಂತೆ. ಮನೆಯ ಇನ್ನೊಬ್ಬರು ಅದನ್ನು ಮುಟ್ಟುತ್ತಿರಲಿಲ್ಲವಂತೆ. ಅಷ್ಟು ದೊಡ್ಡ ಮರ್ಯಾದೆಯನ್ನು ನಮ್ಮ ಜನ ಹಿರಿಯ ಭಿಕ್ಷುಗಳಿಗೆ ಮಾತ್ರ ಮಾಡುತ್ತಾರೆ. ನನ್ನ ಮಗನಿಗೆ ಪರದೇಶದ ತಾಯಿಯೊಬ್ಬಳು ಅದನ್ನು ಮಾಡಿದಳು. ಅದಕ್ಕೇ ನಿಮಗೂ ಹೊಸ ತಾಟು ತಂದಿದ್ದೇನೆ. ಇದನ್ನು ನಾವ್ಯಾರೂ ಮುಟ್ಟುವುದಿಲ್ಲ.”

ನಮ್ಮ ಮನೆಯಲ್ಲಿ ಅವನಿಗಿಟ್ಟ ತಾಟು ನನ್ನ ಕಣ್ಣ ಮುಂದೆ ಬಂತು. ಹಳೆಯ, ಅಂಚು ಬಾಗಿದ, ನಾವು ಜರ್ಮನ್ ಎನ್ನುವ ಅಲ್ಯುಮಿನಿಯಂ ತಾಟು. ಕಸ ಬಳಿಯುವವಳು ಬಂದಾಗ ರೊಟ್ಟಿ ಹಾಕಿ ಕೊಡುವುದಕ್ಕೆಂದು ಹೊರಗೋಡೆಯ ಗೂಡಿನಂಥ ಮಾಡದಲ್ಲಿ ಇಟ್ಟಿದ್ದು. ಎಲ್ಲ ತಿನ್ನುವ ಮನುಷ್ಯ, ಯಾವ ಜಾತಿಯೋ ಎಂದು ಅವ್ವ ಅದರಲ್ಲೇ ಅವನಿಗೆ ಗಂಜಿ ಹಾಕಿದಳು. ಅವನು ಎದ್ದು ಓಡಾಡುವಂತಾದ ಮೇಲೆ ತಾನೇ ತೊಳೆದಿಡುತ್ತಿದ್ದ. ಅವನು ಹೋದ ದಿನ ಅವ್ವ ಅವನು ಮಲಗಿದ್ದ ಜಾಗವನ್ನು ಸಗಣಿಯಿಂದ ಸಾರಿಸಿದಳು. ಶರಣರ ಮಾತುಗಳನ್ನು ಬಾಯಿಪಾಠ ಮಾಡಿ ಬೆಳೆದ ಮನೆ ನಮ್ಮದು. ಅಂದು ಸ್ಟೇಷನ್ನಿನಿಂದ ಬಂದವನೇ ನಾನೂ ಆ ತಾಟನ್ನು ನೋಡಿದ್ದೆ, ಏನೂ ಅಂದಿರಲಿಲ್ಲ. ಅನ್ನಬೇಕೆಂದು ಹೊಳೆದಿರಲೂ ಇಲ್ಲ.

ಡೌ ಮ್ಯಾ ನಗುತ್ತ ಉತ್ತರಕ್ಕಾಗಿ ನನ್ನನ್ನು ನೋಡುತ್ತಿದ್ದಳು.

“ಅಡಿಗೆ ಚೆನ್ನಾಗಿದೆ ಎಂದು ಹೇಳು” ಎಂದೆ.

ಹಡಗುಕಟ್ಟೆ

ಹೊರಡುವ ದಿನ ಇಬ್ಬರೂ ಬಂದಿದ್ದರು. ನನ್ನ ಅವ್ವನಿಗೆಂದು ಡೌ ಮ್ಯಾ ಕೆಂಪು ಅರಗಿನ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅದನ್ನು ತೆಗೆದುಕೊಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳಿಗೆ ಇಂಗ್ಲಿಷು ಬಾರದು. ಅವಳ ಎದುರಿನಲ್ಲೇ ಮಗನಿಗೆ ಹೇಳಿದೆ.

“ಆ ತಾಟು ಮರ್ಯಾದೆಗೆ ಇಟ್ಟದ್ದಲ್ಲ.”

“ಗೊತ್ತು” ಎಂದ.

“ಯಾವಾಗಿನಿಂದ?”

“ನಾಲ್ಕನೆಯ ದಿನದಿಂದ. ಕಸದವಳು ಬಂದಾಗ ನಿನ್ನ ತಾಯಿ ಆ ಮಾಡದ ಕಡೆ ಕೈ ಹಾಕಿದರು. ತಾಟು ನನ್ನ ಹತ್ತಿರ ಇತ್ತು. ಅವಳಿಗೆ ಅಂದು ರೊಟ್ಟಿಯನ್ನು ಕೈಗೇ ಹಾಕಿದರು.”

ಡೌ ಮ್ಯಾ ಮಗನ ತೋಳು ಮುಟ್ಟಿ ಏನೋ ಕೇಳಿದಳು. ಅವನು ಒಂದು ಮಾತು ಹೇಳಿದ, ಅವಳು ತಲೆಯಾಡಿಸಿದಳು.

“ನನ್ನ ಹಣೆಗೆ ಬಟ್ಟೆ ಹಾಕಿದ್ದೂ ಅವರೇ” ಎಂದು ಅವನು ಮುಂದುವರಿಸಿದ. “ಎರಡೂ ನಿಜ. ಅಮ್ಮನಿಗೆ ಎರಡನ್ನೂ ಹೇಳಲು ನನ್ನಿಂದ ಆಗಲಿಲ್ಲ.”

“ನಾನು ಹೇಳುತ್ತೇನೆ. ಈಗಲೇ ಅವರ ಕ್ಷಮೆ ಕೇಳುತ್ತೇನೆ.”

ಅವನ ಮುಖ ಮೊದಲ ಸಲ ಬಿಗಿಯಿತು. “ಬೇಡ. ಹೇಳಿದರೆ ನಿನ್ನ ಮನಸ್ಸು ಹಗುರಾಗುತ್ತದೆ. ಅವಳದು? ಮಗನಿಗೆ ಮರ್ಯಾದೆ ಸಿಕ್ಕಿತೆಂದು ಬೀದಿಗೆಲ್ಲ ಹೇಳಿಕೊಂಡಿದ್ದಾಳೆ.”

ಮೊಗಲ್ ಬೀದಿಯ ಮೆಟ್ಟಿಲ ಮಾತನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅವನು ಅನ್ನಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು ಡೌ ಮ್ಯಾ ಮತ್ತೆ ಕೇಳಿದಳು, ಮಗ ಮತ್ತೆ ಉತ್ತರಿಸಿದ. ಏನೆಂದೆ ಎಂದು ಕೇಳಿದೆ.

“ತಾಯಿಯ ನೆನಪಾಗಿದೆ ಅಂತ ಹೇಳಿದೆ.”

ಡೌ ಮ್ಯಾ ಮುಂದೆ ಬಂದು ನನ್ನ ಬೆನ್ನು ಸವರಿದಳು. ಹಡಗಿನ ಸಿಳ್ಳು ಕೇಳುವ ತನಕ ಸವರುತ್ತಲೇ ಇದ್ದಳು.

ಮತ್ತೆ ವಾಡಿ

ಅವ್ವ ಅರಗಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. “ಅವರವ್ವ ಹ್ಯಾಂಗ ಅದಾಳ? ಏನ್ ಉಣ್ಣಾಕ ಇಟ್ಟಳು?”

ಹೇಳಬಾರದೆಂದು ಹಡಗಿನಲ್ಲಿ ಎಷ್ಟೋ ಸಲ ನಿಶ್ಚಯಿಸಿದ್ದೆ. ಎಲ್ಲ ಹೇಳಿಬಿಟ್ಟೆ. ಮೊಗಲ್ ಬೀದಿಯದನ್ನು ಮಾತ್ರ ಬಿಟ್ಟೆ. ಅದು ನನ್ನದೇ ತಪ್ಪು, ಅದಕ್ಕೇ ಬಿಟ್ಟೆ.

ಅವ್ವ ಡಬ್ಬಿಯನ್ನು ತೊಡೆಯಿಂದ ತೆಗೆದು ಕೆಳಗಿಟ್ಟಳು. ಆಮೇಲೆ, “ಹೊರಗಿನ ತಾಟಿಗೆ ಮಾನದ ತಾಟು ಅಂದ್ಳೇನೋ ಆಕಿ?” ಎಂದಳು. “ಅವ್ವಾ ಅಂದಾಗೆಲ್ಲ ಓ ಅಂತಿದ್ನಲ್ಲೋ ನಾ. ಓ ಅಂದು ಆ ತಾಟಿನ್ಯಾಗ ಹಾಕಿದ್ನಲ್ಲೋ.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುದಿನ ಬೆಳಗ್ಗೆ ನಾನು ಪೂಜೆಯಿಂದ ಏಳುವುದನ್ನೇ ಕಾಯುತ್ತಿದ್ದಳು.

“ಕಾಗದ ತಗೊ. ನಾ ಹೇಳ್ದಂಗ ಬರಿ. ತಪ್ಪಾತಪಾ ಅಂತ ಬರಿ. ಗೊತ್ತಿಲ್ಲದ ಅಲ್ಲ, ಗೊತ್ತಿದ್ದೇ ಮಾಡಿದೆ ಅಂತ ಬರಿ. ಅವರವ್ವಗ ಓದಿ ಹೇಳಂತ ಬರಿ.”

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಮುಂದೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಬರೆದೆ: ಸುಖವಾಗಿ ಮುಟ್ಟಿದೆ, ಡಬ್ಬಿಯನ್ನು ನೋಡಿ ತಾಯಿಗೆ ಬಹಳ ಸಂತೋಷವಾಯಿತು. ಹೇಳಬೇಡವೆಂದು ಅವನೇ ಕೇಳಿಕೊಂಡಿದ್ದಾನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವನೊಬ್ಬನಿಗೇ ಎಂದು ಬರೆಯಬಹುದಿತ್ತು. ಅವ್ವನ ಮಾತು ಕಾಗದದ ಮೇಲೆ ಬಂದರೆ ಅದರ ಕೆಳಗೆ ನನ್ನ ಸಹಿ ಬೇಕಾಗುತ್ತಿತ್ತು. ನಿಜವಾದ ಕಾರಣ ಅದು.

ಆಮೇಲಿನ ವರ್ಷಗಳಲ್ಲಿ ಯುದ್ಧ ಬಂತು, ರಂಗೂನಿನ ಮೇಲೆ ಬಾಂಬು ಬಿದ್ದವು, ಕಾಗದಗಳು ನಿಂತವು. ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಬರೆದು ಕೆಮೆಂಡೈನಿನ ವಿಳಾಸಕ್ಕೆ ಎರಡು ಸಲ ಹಾಕಿದೆ. ಎರಡಕ್ಕೂ ಉತ್ತರವಿಲ್ಲ. ಆದರೆ ಅಂದು ಅವ್ವನ ಎದುರು ಬರೆದ ಆ ಕಾಗದಕ್ಕೆ ಎರಡು ತಿಂಗಳಲ್ಲಿ ಉತ್ತರ ಬಂದಿತ್ತು. ಟಪಾಲಿನವನು ಕೊಟ್ಟು ಹೋದಾಗ ಅವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರವನ್ನು ಕೆಳಗಿಟ್ಟಳು.

“ಅಂವಂದೇ ಏನು? ಏನಂತ ಬರದಾನ?”

ಮಳೆ ಶುರುವಾಗಿದೆ, ಪರೀಕ್ಷೆ ಪಾಸಾಯಿತು, ನಿನ್ನ ತಾಯಿಗೆ ಡಬ್ಬಿ ಮೆಚ್ಚುಗೆಯಾದದ್ದು ಕೇಳಿ ನನ್ನ ತಾಯಿಗೆ ಹಿಗ್ಗು. ಅಷ್ಟೇ ಇತ್ತು. ನಾನು ಕಾಗದವನ್ನು ಮುಖದ ಮುಂದೆ ಹಿಡಿದು, ಓದುವವನ ರಾಗದಲ್ಲಿ ಹೇಳಿದೆ:

“ಅವ್ವಾ, ನಿನ್ನ ತಪ್ಪೇನಿಲ್ಲ ಅಂತ ಬರದಾನ. ಅವರವ್ವಗೂ ಓದಿ ಹೇಳ್ಯಾನಂತ. ಆಕಿ ಸಿಟ್ಟಾಗಿಲ್ಲಂತ. ಮನಸಿನ್ಯಾಗ ಇಟ್ಕೋಬ್ಯಾಡ ಅಂತ ಹೇಳಿ ಕಳಿಸ್ಯಾಳ.”

ಅವ್ವನ ಕೆನ್ನೆಯ ಮೇಲೆ ನೀರಿಳಿದವು. ಎರಡು ತಿಂಗಳಲ್ಲಿ ಮೊದಲ ಸಲ ಮುಖದಲ್ಲಿ ಗೆಲುವು ಕಂಡಿತು. ಬೇಳೆಯ ಧೂಳಾಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಸರಿದು ಕೂತಳು.

“ಇನ್ನೊಮ್ಮ ಓದಪಾ” ಎಂದಳು.

ನಾನು ಇನ್ನೊಮ್ಮೆ ಓದಿದೆ.